ಬಟ್ಟೆ ರಟ್ಟಾದರೆ ಸೋಪನ್ನು ಬೈಯಬೇಡಿ, ನೀರನ್ನು ನೋಡಿ

ನಮ್ಮ ರೈತರ ಪತ್ರಿಕೆಯಲ್ಲಿ ಬೀಜ, ಗೊಬ್ಬರ, ಬೋರು, ಬೆಲೆ ಇವುಗಳ ಮಾತೇ ಜಾಸ್ತಿ. ಬಟ್ಟೆ ಒಗೆಯುವ ವಿಷಯವನ್ನು ಯಾರೂ ಬರೆದಿದ್ದು ನಾನು ನೋಡಿಲ್ಲ. ಅದು ಹೆಂಗಸರ ಕೆಲಸ, ಅದಕ್ಕೂ ಕೃಷಿಗೂ ಏನು ಸಂಬಂಧ ಅಂತ ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ ಅನ್ನುವುದೇ ನನ್ನ ವಾದ. ಹೊಲದ ಬೋರಿನಿಂದ ಬಂದ ನೀರು ಬಟ್ಟೆಯ ಮೂಲಕ ಹಾದು ಮತ್ತೆ ಹಿತ್ತಲ ಮಣ್ಣಿಗೇ ಹೋಗುತ್ತದೆ. ನಡುವೆ ನಾವು ಅದರೊಳಗೆ ಏನು ಸೇರಿಸುತ್ತೇವೆ ಅನ್ನುವುದು ನಮ್ಮ ಜೇಬಿಗೂ, ಮನೆಯ ಹೆಂಗಸರ ಕೈಗೂ, ಮಣ್ಣಿಗೂ ಸಂಬಂಧಪಟ್ಟ ಮಾತು.

ನಾನು ಚಳ್ಳಕೆರೆ ಕಡೆಯ ಒಣಭೂಮಿ ರೈತ. ಶೇಂಗಾ, ತೊಗರಿ, ಒಂದಿಷ್ಟು ಸಜ್ಜೆ. ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆ ಬಂದರೆ ಒಳ್ಳೇ ವರ್ಷ ಅಂತ ಲೆಕ್ಕ. ನಾನು ಹುಡುಗನಾಗಿದ್ದಾಗ ಬಟ್ಟೆ ಒಗೆಯುವುದು ಕೆರೆಯಲ್ಲಿ, ಹಳ್ಳದಲ್ಲಿ, ಇಲ್ಲಾಂದ್ರೆ ಸೇದೋ ಬಾವಿಯಲ್ಲಿ. ಈಗ ಊರಿಗೆಲ್ಲ ಕೊಳವೆ ಬಾವಿಯದೇ ನೀರು. ಮನೆ ಮನೆಗೆ ನಲ್ಲಿ ಬಂದಿದೆ, ಅದು ಒಳ್ಳೆಯದೇ. ಆದರೆ ನಲ್ಲಿಯಲ್ಲಿ ಬರುವುದು ಎಂಟುನೂರು ಅಡಿ ಕೆಳಗಿನ ಕಲ್ಲಿನ ಸಂದಿಯ ನೀರು. ಅದು ಕಲ್ಲಿನ ಗುಣವನ್ನು ಹೊತ್ತುಕೊಂಡೇ ಮೇಲೆ ಬರುತ್ತದೆ.

ಆ ನೀರಿನಲ್ಲಿ ಒಗೆದ ಟವೆಲ್ಲು ಒಣಗಿದ ಮೇಲೆ ರಟ್ಟಿನ ಹಂಗೆ ನೆಟ್ಟಗೆ ನಿಲ್ಲುತ್ತದೆ. ಬಿಳಿ ಪಂಚೆ ಮಾಸಲು ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಿಂದೆ ಮದುವೆ, ಜಾತ್ರೆಗೆ ಅಂತ ಪಂಚೆಗೆ ಬೇಕೂಂತಲೇ ಗಂಜಿ ಹಾಕಿ ಗರಿಗರಿ ಮಾಡಿಸುತ್ತಿದ್ದರು. ಈಗ ಬೋರು ಪುಕ್ಕಟೆ ಗಂಜಿ ಹಾಕಿಕೊಡುತ್ತದೆ, ಮಗುವಿನ ಲಂಗೋಟಿಗೂ ಬಿಡುವುದಿಲ್ಲ!

ಇದಕ್ಕೆ ನಾವು ಮಾಡುತ್ತಿರುವುದೇನು? ಇನ್ನೊಂದು ಹಿಡಿ ಪುಡಿ ಜಾಸ್ತಿ ಹಾಕುತ್ತೇವೆ. ಆಗಲೂ ಆಗದಿದ್ದರೆ ಟಿ.ವಿ.ಯಲ್ಲಿ ತೋರಿಸುವ ಬಣ್ಣದ ದ್ರಾವಣದ ಸ್ಯಾಷೆ ತರುತ್ತೇವೆ. ಅದು ಬಟ್ಟೆಯನ್ನು ಮೆತ್ತಗೆ ಮಾಡಿ ವಾಸನೆ ಬರಿಸುತ್ತದಂತೆ. ಎರಡೂ ದಾರಿ ತಪ್ಪು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಗಡಸು ನೀರಿನ ಗುಟ್ಟು

ನೀರು ಗಡಸಾಗುವುದು ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂನಿಂದ. ಕ್ಯಾಲ್ಸಿಯಂ ಅಂದರೆ ನಮ್ಮ ಭಾಷೆಯಲ್ಲಿ ಸುಣ್ಣದ ಅಂಶ. ಸೋಪು ಹಾಕಿದರೆ ಈ ಸುಣ್ಣ ಮೊದಲು ಸೋಪನ್ನೇ ಹಿಡಿದುಕೊಂಡು ಜಿಡ್ಡು ಕಟ್ಟುತ್ತದೆ. ಬಕೆಟ್ಟಿನ ಅಂಚಿಗೆ, ಕಲ್ಲಿಗೆ ಅಂಟಿಕೊಳ್ಳುವ ಬಿಳೀ ಜಿಡ್ಡು ಅದೇ. ಆ ಜಿಡ್ಡು ಬಟ್ಟೆಯ ಎಳೆ ಎಳೆಯಲ್ಲೂ ಕೂರುತ್ತದೆ. ನೀರಿನ ಸುಣ್ಣವೆಲ್ಲ ತೀರಿದ ಮೇಲೆ ಮಿಕ್ಕ ಸೋಪು ಮಾತ್ರ ಕೊಳೆ ತೆಗೆಯುತ್ತದೆ. ಹಂಗಾಗಿ ನಾವು ಕೊಂಡ ಸೋಪಿನಲ್ಲಿ ಒಂದು ಪಾಲು ಕೊಳೆಗಲ್ಲ, ನೀರಿಗೆ ಖರ್ಚಾಗುತ್ತದೆ.

ಪುಡಿಯ ಕಥೆ ಸ್ವಲ್ಪ ಬೇರೆ. ಅದು ಸೋಪಿನ ಹಾಗೆ ಜಿಡ್ಡು ಕಟ್ಟುವುದಿಲ್ಲ. ಆದರೆ ಅಗ್ಗದ ಪುಡಿಗಳಲ್ಲಿ ವಾಷಿಂಗ್ ಸೋಡಾ ಧಾರಾಳವಾಗಿ ಇರುತ್ತದೆ. ಸೋಡಾ ನೀರಿನ ಸುಣ್ಣವನ್ನು ಸಣ್ಣ ಸುಣ್ಣದ ಕಲ್ಲಿನ ಪುಡಿಯಾಗಿ ಕೆಳಗಿಳಿಸುತ್ತದೆ. ಆ ಪುಡಿ ಒಂದಿಷ್ಟು ಬಟ್ಟೆಯೊಳಗೇ ಉಳಿಯುತ್ತದೆ. ಒಗೆತ ಒಗೆತಕ್ಕೂ ಪದರ ಏರುತ್ತದೆ. ಬಟ್ಟೆ ಒರಟಾಗುವುದಷ್ಟೇ ಅಲ್ಲ, ಮಡಿಕೆಯ ಜಾಗದಲ್ಲಿ ಉಜ್ಜಿ ಉಜ್ಜಿ ಬೇಗ ಹರಿಯುತ್ತದೆ.

ನಮ್ಮ ಬೋರಿನ ನೀರನ್ನು ಪರೀಕ್ಷೆ ಮಾಡಿಸಿದೆ. ಗಡಸುತನ ಲೀಟರಿಗೆ 640 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ ಇಟ್ಟಿರುವ ಮಿತಿ 200, ಬೇರೆ ನೀರೇ ಇಲ್ಲದ ಕಡೆ 600ರ ತನಕ ನಡೆಯುತ್ತದೆ ಅಂತ ಇದೆ. ನಮ್ಮದು ಅದನ್ನೂ ದಾಟಿದೆ. ಹದಿನೈದು ಲೀಟರಿನ ಒಂದು ಬಕೆಟ್ಟಿಗೆ ಲೆಕ್ಕ ಹಾಕಿ, ಹತ್ತಿರ ಹತ್ತು ಗ್ರಾಂ. ಒಂದು ಸಲ ಬಟ್ಟೆ ಒಗೆಯಲು ಐದಾರು ಬಕೆಟ್ ಬೇಕು. ಅಂದರೆ ಪ್ರತಿ ಸಲವೂ ಒಂದು ಹಿಡಿ ಸುಣ್ಣದ ಕಲ್ಲಿನ ಪುಡಿಯನ್ನು ಬಟ್ಟೆಯ ಜೊತೆಗೆ ಕಲಸಿದ ಹಾಗೆ.

ಪರೀಕ್ಷೆಗೆ ಕೊಡಲು ಆಗದವರು ಚಿಂತೆ ಮಾಡಬೇಡಿ. ಮನೆಯಲ್ಲೇ ಗೊತ್ತಾಗುತ್ತದೆ. ಒಂದೇ ಅಳತೆಯ ಎರಡು ಬಾಟಲಿ ತಗೊಳ್ಳಿ. ಒಂದಕ್ಕೆ ಮಳೆ ನೀರು, ಇನ್ನೊಂದಕ್ಕೆ ಬೋರಿನ ನೀರು ಅರ್ಧರ್ಧ ತುಂಬಿಸಿ. ಎರಡಕ್ಕೂ ಅಷ್ಟಷ್ಟೇ ಸೋಪಿನ ತುರಿ ಹಾಕಿ ಕುಲುಕಿ. ಪುಡಿ ಬೇಡ, ಸೋಪೇ ಆಗಬೇಕು. ಮಳೆ ನೀರಿನಲ್ಲಿ ನೊರೆ ಬಾಯಿ ತನಕ ಬರುತ್ತದೆ. ಗಡಸು ನೀರಿನಲ್ಲಿ ನೊರೆ ಇಲ್ಲ, ಹಾಲು ಒಡೆದಂಗೆ ಚೂರು ಚೂರು ತೇಲುತ್ತದೆ. ಇದೂ ಬೇಡ ಅಂದರೆ ನಿಮ್ಮ ಮನೆಯವರನ್ನು ಕೇಳಿ, ತೊಗರಿಬೇಳೆ ಬೇಗ ಬೇಯುತ್ತದೋ ಇಲ್ಲವೋ ಅಂತ. ಇಲ್ಲವೇ ಸ್ನಾನದ ಹಂಡೆಯೊಳಗೆ ಕೈ ಹಾಕಿ ನೋಡಿ. ಅಲ್ಲಿ ಹಕ್ಕಳೆ ಕಟ್ಟಿದ್ದರೆ ಬಟ್ಟೆಯಲ್ಲೂ ಅದೇ ಇದೆ.

ಸ್ಯಾಷೆಯ ಮೆದು ಎಂಥದು

ಅಂಗಡಿಯ ದ್ರಾವಣ ಈ ಸುಣ್ಣವನ್ನು ತೆಗೆಯುವುದಿಲ್ಲ. ಅದು ಮಾಡುವುದು ಇಷ್ಟೇ, ಬಟ್ಟೆಯ ಎಳೆಗಳ ಮೇಲೆ ಕೊಬ್ಬಿನಂಥ ತೆಳುವಾದ ಪದರ ಬಳಿಯುತ್ತದೆ. ಕೈಗೆ ನುಣುಪು ಅನ್ನಿಸುತ್ತದೆ. ಕೊಳೆಯಾದ ಗೋಡೆಯನ್ನು ತೊಳೆಯದೆ ಮೇಲೆ ಬಣ್ಣ ಹೊಡೆದ ಹಾಗೆ. ಟವೆಲ್ಲಿಗೆ ಇದನ್ನು ಹಾಕಿ ಹಾಕಿ ಬಂದರೆ ಅದು ನೀರು ಹೀರುವುದನ್ನೇ ಕಡಿಮೆ ಮಾಡುತ್ತದೆ. ಮೈ ಒರೆಸಲು ಆಗದ ಟವೆಲ್ಲು ಮೆತ್ತಗಿದ್ದು ಏನು ಬಂತು? ಹೊಲದಲ್ಲಿ ಬೆವರು ಸುರಿಸುವವನಿಗೆ ಬೆವರು ಹೀರುವ ಹತ್ತಿ ಬಟ್ಟೆ ಬೇಕು, ಘಮಘಮ ಅನ್ನುವ ಬಟ್ಟೆ ಅಲ್ಲ. ಕೂಸುಗಳ ಬಟ್ಟೆಗಂತೂ ಈ ವಾಸನೆಯ ಪದಾರ್ಥ ಯಾಕೆ ಬೇಕು ಅಂತ ನನಗೆ ಅರ್ಥವಾಗಿಲ್ಲ.

ಒಬ್ಬ ಮಾರಾಟದ ಹುಡುಗ ನಮ್ಮೂರಿಗೆ ಬಂದು ಪುಡಿ ಜೊತೆಗೆ ಇದನ್ನೂ ಮನೆ ಮನೆಗೆ ಕೊಟ್ಟು ಹೋದ. ಮೊದಲನೆಯದು ಪುಕ್ಕಟೆ. ಎರಡನೆಯ ತಿಂಗಳಿಂದ ಅಂಗಡಿಗೆ ಹೋಗಿ ಕೇಳುವ ಅಭ್ಯಾಸ ತಾನಾಗೇ ಬಂತು. ಹೈಬ್ರಿಡ್ ಬೀಜದ ಪ್ಯಾಕೆಟ್ಟಿನ ಜೊತೆ ಟೋಪಿ, ಟೀ ಶರ್ಟು ಕೊಟ್ಟ ದಿನಗಳು ನನಗೆ ಜ್ಞಾಪಕ ಬಂದವು.

ಹಳಬರು ಮಾಡಿದ್ದೆಲ್ಲ ಸರಿಯೇ?

ಇಲ್ಲಿ ಒಂದು ಮಾತು ಹೇಳಬೇಕು. "ಹಿಂದಿನವರದೇ ಚೆಂದ" ಅಂತ ಬರೆಯುವವರ ಗುಂಪಿನವನು ನಾನಲ್ಲ. ಹಿಂದೆ ಮಡಿವಾಳರು ಸೌಳು ಮಣ್ಣಿನಲ್ಲಿ ಬಟ್ಟೆ ನೆನೆಸಿ, ಉಬ್ಬೆ ಹಾಕಿ ಒಗೆಯುತ್ತಿದ್ದರು. ದೊಡ್ಡ ಗುಡಾಣದಲ್ಲಿ ನೀರು ಕಾಯಿಸಿ, ಮೇಲೆ ಬಟ್ಟೆ ಪೇರಿಸಿ ಹಬೆಯಲ್ಲಿ ಬೇಯಿಸುವುದೇ ಉಬ್ಬೆ. ಬಟ್ಟೆ ಬೆಳ್ಳಗಾಗುತ್ತಿತ್ತು, ನಿಜ. ಆದರೆ ಆ ಕ್ಷಾರದಲ್ಲಿ ಅವರ ಅಂಗೈ, ಅಂಗಾಲು ಬಿರಿದು ಹೋಗಿರುತ್ತಿದ್ದವು. ನಡು ನೀರಿನಲ್ಲಿ ದಿನವಿಡೀ ನಿಂತು ಊರಿನ ಬಟ್ಟೆ ಒಗೆದವರಿಗೆ ಸುಗ್ಗಿಯಲ್ಲಿ ಕೊಡುತ್ತಿದ್ದುದು ಒಂದಿಷ್ಟು ಕಾಳು. ಅದನ್ನು ನೆನೆದು ಯಾರೂ ಹೆಮ್ಮೆಪಡುವ ಹಾಗಿಲ್ಲ. ಹಿಂದಿನದರಲ್ಲಿ ಯಾವುದು ಯಾಕೆ ಕೆಲಸ ಮಾಡಿತು ಅಂತ ತಿಳಿದು, ಬೇಕಾದಷ್ಟು ಮಾತ್ರ ತೆಗೆದುಕೊಳ್ಳಬೇಕು.

ಹಿಂದಿನವರ ಬಟ್ಟೆ ಮೆತ್ತಗಿದ್ದುದಕ್ಕೆ ದೊಡ್ಡ ಕಾರಣ ಅವರ ಹತ್ತಿರ ಇದ್ದ ಗುಟ್ಟಿನ ಪುಡಿ ಅಲ್ಲ, ಕೆರೆಯ ನೀರು. ಕೆರೆಯಲ್ಲಿದ್ದುದು ಮಳೆ ನೀರು. ಮಳೆ ನೀರಿನಲ್ಲಿ ಸುಣ್ಣ ಇಲ್ಲ. ಅಷ್ಟೇ ವಿಷಯ.

ಮೊದಲನೆಯ ಮದ್ದು ಮಾಡಿನ ಮೇಲಿದೆ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಮಿಕ್ಕಿದ್ದು ಬರೀ ಗುಣಾಕಾರ. ಮೂವತ್ತು ಅಡಿಗೆ ಇಪ್ಪತ್ತು ಅಡಿ ತಾರಸಿ ಅಥವಾ ಶೀಟಿನ ಮನೆ ಅಂದರೆ ಐವತ್ತೈದು ಚದರ ಮೀಟರ್. ಇಪ್ಪತ್ತು ಮಿಲಿಮೀಟರಿನ ಒಂದು ಹದ ಮಳೆಗೆ ಸಾವಿರದ ನೂರು ಲೀಟರ್ ಬೀಳುತ್ತದೆ. ಆರಿದ್ದು, ಸೋರಿದ್ದು ಕಳೆದರೂ ಎಂಟುನೂರು, ಒಂಬೈನೂರು ಕೈಗೆ ಸಿಗುತ್ತದೆ. ವರ್ಷದ ಐನೂರು ಮಿಲಿಮೀಟರಿಗೆ ಇಪ್ಪತ್ತು ಸಾವಿರ ಲೀಟರಿಗೂ ಮೇಲೆ. ನಮ್ಮಂಥ ಬರದ ಸೀಮೆಯಲ್ಲೂ ಇಷ್ಟು!

"ಅಷ್ಟು ನೀರು ಹಿಡಿಯಲು ತೊಟ್ಟಿ ಎಲ್ಲಿಂದ ತರೋದು?" ಅಂತ ಕೇಳುವವರಿಗೆ ನನ್ನ ಉತ್ತರ, ಅಷ್ಟು ಹಿಡಿಯುವುದೇ ಬೇಡ. ಬಟ್ಟೆಯನ್ನು ಪೂರಾ ಮಳೆ ನೀರಿನಲ್ಲೇ ಒಗೆಯಬೇಕಿಲ್ಲ. ಮಣ್ಣು, ಬೆವರು ಬಿಡಿಸುವ ಮೊದಲ ನೀರುಗಳು ಬೋರಿನದಾಗಲಿ. ಕೊನೆಯ ಜಾಲಾಡುವ ನೀರು ಮಾತ್ರ ಮಳೆಯದಾಗಲಿ. ಒಣಗುವಾಗ ಬಟ್ಟೆಯಲ್ಲಿ ಉಳಿಯುವುದು ಕೊನೆಯ ನೀರು. ಅದು ಆರಿ ಹೋದಾಗ ಅದರಲ್ಲಿದ್ದದ್ದು ಬಟ್ಟೆಯ ಮೇಲೆ ಕೂರುತ್ತದೆ. ಕೊನೆಯ ನೀರಿನಲ್ಲಿ ಏನೂ ಇಲ್ಲದಿದ್ದರೆ ಕೂರುವುದೂ ಇಲ್ಲ.

ವಾರಕ್ಕೆ ಎರಡು ಸಲ ಬಟ್ಟೆ, ಸಲಕ್ಕೆ ಎರಡು ಬಕೆಟ್ ಅಂದರೆ ಅರವತ್ತು ಲೀಟರ್. ನಮ್ಮ ಕಡೆ ಡಿಸೆಂಬರಿಂದ ಏಪ್ರಿಲ್ ನಡುವಿನ ತನಕ ಮಳೆ ಇಲ್ಲ ಅಂತಲೇ ಇಟ್ಟುಕೊಳ್ಳಿ, ಇಪ್ಪತ್ತು ವಾರ. ಹನ್ನೆರಡು ನೂರು ಲೀಟರ್ ಇದ್ದರೆ ದಾಟಿಬಿಡಬಹುದು. ಒಂದು ಸಾವಿರ ಲೀಟರಿನ ಟ್ಯಾಂಕು, ಎರಡು ಇನ್ನೂರು ಲೀಟರಿನ ಡ್ರಮ್ಮು, ಮುಗೀತು. ಮಿಕ್ಕ ತಿಂಗಳಲ್ಲಿ ಮಳೆ ಬಂದು ಬಂದು ತುಂಬುತ್ತಿರುತ್ತದೆ. ಟ್ಯಾಂಕಿಗೆ ದುಡ್ಡಿಲ್ಲದವರು ಎರಡು ಡ್ರಮ್ಮಿನಿಂದ ಶುರುಮಾಡಿ, ಬರೀ ಟವೆಲ್ಲು, ಒಳಬಟ್ಟೆ, ಮಕ್ಕಳ ಬಟ್ಟೆ ಇಷ್ಟಕ್ಕೆ ಬಳಸಿ. ಔಷಧಿ ಕಂಪನಿಯ ಹಳೇ ಡ್ರಮ್ಮು ಮಾತ್ರ ಬೇಡವೇ ಬೇಡ. ಎಷ್ಟು ತೊಳೆದರೂ ಕೀಟನಾಶಕದ ಅಂಶ ಅದರಲ್ಲಿ ಉಳಿಯುತ್ತದೆ.

ಕೆಲವು ಜಾಗ್ರತೆ ಬೇಕು. ಮೊದಲ ಮಳೆಯಲ್ಲಿ ಮಾಡಿನ ಧೂಳು, ಹಕ್ಕಿಯ ಹಿಕ್ಕೆ ಎಲ್ಲ ಇಳಿದು ಬರುತ್ತದೆ, ಹತ್ತು ಹದಿನೈದು ನಿಮಿಷ ಹೊರಗೆ ಬಿಟ್ಟುಬಿಡಿ. ಕೊಳವೆಯ ಬಾಯಿಗೆ ಎರಡು ಮಡಿಕೆ ಹಳೇ ಪಂಚೆ ಕಟ್ಟಿ. ಟ್ಯಾಂಕಿಗೆ ಬೆಳಕು ಬಿದ್ದರೆ ಪಾಚಿ, ಬಾಯಿ ತೆರೆದಿದ್ದರೆ ಸೊಳ್ಳೆ. ಡೆಂಗ್ಯೂ ಸೊಳ್ಳೆ ಇಂಥ ಶುದ್ಧ ನೀರನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ಒತ್ತಾದ ಬಟ್ಟೆ ಕಟ್ಟಿ ಮುಚ್ಚಿಡದೆ ಮಳೆ ನೀರು ಹಿಡಿಯುವುದಕ್ಕಿಂತ ಹಿಡಿಯದಿರುವುದೇ ಮೇಲು.

ಬೆಂಗಳೂರಿನಲ್ಲಿ ಮಳೆ ನೀರು ಹಿಡಿಯುವುದನ್ನು 2009ರಲ್ಲಿ ಕಾನೂನು ಮಾಡಿ ಕಡ್ಡಾಯ ಮಾಡಿದರು. ನಮ್ಮ ಕಡೆ ಸರ್ಕಾರದ ಸಹಾಯಧನದಲ್ಲಿ ಎದ್ದ ಎಷ್ಟೋ ಮನೆಗಳ ತಾರಸಿಗೆ ಒಂದು ಮೂಲೆಯಲ್ಲಿ ತೂತು ಬಿಟ್ಟಿರುತ್ತಾರೆ, ಅದಕ್ಕೆ ನಾಲ್ಕು ಅಡಿ ಪೈಪು ಇರುವುದಿಲ್ಲ. ಮಳೆ ನೀರು ಗೋಡೆಗೆ ರಾಚಿ ಗೋಡೆಯೇ ಹಾಳು. ಕಟ್ಟುವಾಗಲೇ ಒಂದು ಪೈಪು, ಒಂದು ಕಟ್ಟೆ ಸೇರಿಸಿದರೆ ಎಷ್ಟು ಖರ್ಚು? ಪಂಚಾಯ್ತಿ ಸಭೆಯಲ್ಲಿ ನಾನು ಇದನ್ನು ಎರಡು ಸಲ ಕೇಳಿದ್ದೀನಿ. "ಅಂದಾಜು ಪಟ್ಟಿಯಲ್ಲಿ ಇಲ್ಲ" ಅಂದರು.

ಹುಳಿ ಹಾಕುವುದಾದರೆ ಎಲ್ಲಿ ಹಾಕಬೇಕು

ಆಗಲೇ ರಟ್ಟಾಗಿರುವ ಬಟ್ಟೆಗೆ ಏನು ಮಾಡೋದು? ಸುಣ್ಣಕ್ಕೆ ಹುಳಿ ಶತ್ರು. ಸುಣ್ಣದ ಹಕ್ಕಳೆಯ ಮೇಲೆ ನಿಂಬೆ ಹಿಂಡಿದರೆ ಬುಸ್ ಅಂತ ನೊರೆ ಬರುವುದನ್ನು ನೋಡಿದ್ದೀರಿ. ವಿನೆಗರ್, ಅಂದರೆ ಗೋಬಿಮಂಚೂರಿ ಅಂಗಡಿಯವರು ಹಾಕುವ ಹುಳಿ ನೀರು, ಅದನ್ನು ಕೊನೆಯ ನೀರಿಗೆ ಹಾಕಿ ಅಂತ ಪಟ್ಟಣದವರು ಹೇಳುತ್ತಾರೆ. ಮಾತು ಸರಿ, ಆದರೆ ಅರ್ಧ ಸರಿ.

ನಮ್ಮ ಬೋರಿನ ನೀರಿನ ಬಕೆಟ್ಟಿಗೆ ಒಂದು ನಿಂಬೆಹಣ್ಣು ಹಿಂಡಿದರೆ ಆ ಹುಳಿಯನ್ನು ನೀರಿನೊಳಗಿನ ಸುಣ್ಣದ ಕ್ಷಾರವೇ ನುಂಗಿಬಿಡುತ್ತದೆ, ಬಟ್ಟೆಯ ತನಕ ಬರುವುದೇ ಇಲ್ಲ. ಎರಡು ಮೂರು ಹಣ್ಣು ಹಿಂಡಿದರೂ ಅಷ್ಟೇ. ಅದೇ ಒಂದು ಹಣ್ಣನ್ನು ಮಳೆ ನೀರಿನ ಬಕೆಟ್ಟಿಗೆ ಹಿಂಡಿ ಸೋಸಿ ಹಾಕಿ, ಪೂರಾ ಹುಳಿ ಬಟ್ಟೆಗೇ ಸಿಗುತ್ತದೆ. ಅರ್ಧ ಗಂಟೆ ನೆನೆಸಿ, ಇನ್ನೊಂದು ಸಲ ಜಾಲಾಡಿ ಹಿಂಡಿದರೆ ಸಾಕು. ನಿಂಬೆ ದುಬಾರಿ ಇದ್ದಾಗ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಒಂದು ಚಮಚ. ತಿಂಗಳಿಗೊಂದು ಸಲ ಮಾಡಿದರೆ ಸಾಕು, ಪ್ರತಿ ಸಲ ಬೇಡ. ಹುಣಿಸೆಹಣ್ಣು ನಮ್ಮಲ್ಲಿ ಬೇಕಾದಷ್ಟಿದೆ ಅಂತ ಅದನ್ನು ಹಾಕಬೇಡಿ, ಬಿಳಿ ಬಟ್ಟೆಗೆ ಕಂದು ಕಲೆ ಬಿಡುತ್ತದೆ. ಅದು ಹಿತ್ತಾಳೆ ಬಿಂದಿಗೆಗೇ ಸರಿ.

ಎರಡು ಎಚ್ಚರಿಕೆ. ಸೋಪು ಇರುವ ನೀರಿಗೆ ಹುಳಿ ಹಾಕಬೇಡಿ, ಸೋಪು ಒಡೆದು ಎಣ್ಣೆಯಂಥ ಜಿಡ್ಡು ಬಟ್ಟೆಗೆ ಅಂಟುತ್ತದೆ. ಸೋಪು ಪೂರಾ ಹೋದ ಮೇಲೆಯೇ ಹುಳಿ. ಇನ್ನು ಬ್ಲೀಚಿಂಗ್ ಪೌಡರ್ ಅಥವಾ ಬಟ್ಟೆ ಬೆಳ್ಳಗೆ ಮಾಡುವ ಕ್ಲೋರಿನ್ ನೀರಿನ ಜೊತೆಗೆ ಯಾವ ಹುಳಿಯನ್ನೂ ಸೇರಿಸಬೇಡಿ. ವಿಷದ ಗಾಳಿ ಬರುತ್ತದೆ, ಬಚ್ಚಲಿನಂಥ ಚಿಕ್ಕ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ.

ಮಳೆ ನೀರು ತೀರಿ ಹೋಯಿತು ಅನ್ನಿ. ಆಗ ಬೂದಿ ಇದೆ. ಗ್ಯಾಸ್ ಬಂದರೂ ನಮ್ಮ ಕಡೆ ಸ್ನಾನದ ಹಂಡೆಗೆ ಜಾಲಿ ಸೌದೆಯೇ. ಸೌದೆ ಬೂದಿಯನ್ನು ಜರಡಿ ಹಿಡಿದು ಎರಡು ಹಿಡಿ ಬೂದಿಯನ್ನು ಒಂದು ಬಕೆಟ್ ಬೋರಿನ ನೀರಿಗೆ ಹಾಕಿ ಚೆನ್ನಾಗಿ ಕದಡಿ ರಾತ್ರಿಯಿಡೀ ಬಿಡಿ. ಬೂದಿಯ ಪೊಟ್ಯಾಷ್ ಕ್ಷಾರ ನೀರಿನ ಸುಣ್ಣವನ್ನು ಕೆಳಗಿಳಿಸುತ್ತದೆ. ಬೆಳಿಗ್ಗೆ ಮೇಲಿನ ತಿಳಿ ನೀರನ್ನು ಅಲುಗಾಡಿಸದೆ ಬಗ್ಗಿಸಿಕೊಳ್ಳಿ. ಈ ನೀರಿನಲ್ಲಿ ಸೋಪಿಗೆ ಚೆನ್ನಾಗಿ ನೊರೆ ಬರುತ್ತದೆ. ಇದು ಒಗೆಯುವ ನೀರು, ಕೊನೆಯ ಜಾಲಾಡುವ ನೀರಲ್ಲ. ಸಗಣಿ ಬೆರಣಿಯ ಬೂದಿ ಅಷ್ಟು ಕೆಲಸ ಮಾಡುವುದಿಲ್ಲ. ಪ್ಲಾಸ್ಟಿಕ್ ಸುಟ್ಟ ಬೂದಿ ಬೇಡ. ಕಂಬಳಿ, ರೇಷ್ಮೆಗೆ ಬೂದಿ ನೀರನ್ನು ಮುಟ್ಟಿಸಲೇಬಾರದು, ಕ್ಷಾರಕ್ಕೆ ಉಣ್ಣೆ ಹಾಳಾಗುತ್ತದೆ. ಮೈಯಲ್ಲಿ ಗಾಯ ಇದ್ದವರು, ಕೈ ಬಿರಿದವರು ಇದನ್ನು ಮಾಡದಿರುವುದೇ ಒಳ್ಳೆಯದು.

ಮಣ್ಣಿನ ಮಾತು

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬಂದೆ. ಸೋಡಾ ಹಾಕಿದರೂ ನೀರಿನ ಗಡಸು ಇಳಿಯುತ್ತದಲ್ಲ, ಬೂದಿಯ ರಗಳೆ ಯಾಕೆ ಅಂತ ನೀವು ಕೇಳಬಹುದು. ಇಳಿಯುತ್ತದೆ. ಆದರೆ ಸೋಡಾ ಮಾಡುವುದು ಅದಲು ಬದಲು ವ್ಯಾಪಾರ. ನೀರಿನಿಂದ ಸುಣ್ಣ ತೆಗೆದು ಅದರ ಜಾಗಕ್ಕೆ ಸೋಡಿಯಂ ಇಡುತ್ತದೆ. ಬಟ್ಟೆಗೆ ಅದು ಒಳ್ಳೆಯದು. ಮಣ್ಣಿಗೆ?

ಹಳೇ ಮಾಳಿಗೆ ಮನೆ ನೋಡಿದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಮಾಳಿಗೆಯ ಮೇಲೆ ಯಾವ ಮಣ್ಣು ಹಾಕುತ್ತಿದ್ದರು? ಸೌಳು ಮಣ್ಣು, ಕರಲು ಮಣ್ಣು. ಯಾಕೆ? ಮಳೆ ಬಿದ್ದ ಕೂಡಲೇ ಅದು ಕರಗಿ ಮೇಣದಂಗೆ ಕೂತು ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ಆ ಗುಣ ಬರುವುದು ಸೋಡಿಯಂನಿಂದ. ಮಾಳಿಗೆಗೆ ಅದು ವರ, ಬೇರಿಗೆ ಶಾಪ. ನಾವು ದಿನಾ ಸೋಡಾ ಪುಡಿಯ ನೀರನ್ನು ಹಿತ್ತಲಿಗೆ ಬಿಟ್ಟರೆ ಹಿತ್ತಲನ್ನೇ ನಿಧಾನಕ್ಕೆ ಮಾಳಿಗೆ ಮಾಡುತ್ತಿದ್ದೇವೆ. ಬಚ್ಚಲ ನೀರು ಬಿದ್ದ ಕಡೆ ಮಣ್ಣು ಬಿಳಿ ಪೊರೆ ಕಟ್ಟಿ, ಮೇಲೆ ಗಟ್ಟಿಯಾಗಿ, ನೀರು ನಿಂತು ನಾರುವುದನ್ನು ಎಷ್ಟೋ ಮನೆಗಳ ಹಿಂದೆ ನೋಡಿದ್ದೀನಿ. ಕರಿಬೇವಿನ ಗಿಡ ತುದಿ ಸುಟ್ಟು ನಿಂತಿರುತ್ತದೆ. "ಯಾರೋ ಕಣ್ಣು ಹಾಕಿದರು" ಅನ್ನುತ್ತಾರೆ. ಕಣ್ಣಲ್ಲ, ಬುಡಕ್ಕೆ ಬಿದ್ದ ಪುಡಿಯ ನೀರು.

ಇದರಲ್ಲಿ ಒಂದು ತಮಾಷೆ ಇದೆ ನೋಡಿ. ಬಟ್ಟೆಗೆ ವೈರಿಯಾದ ಅದೇ ಕ್ಯಾಲ್ಸಿಯಂ ನಮ್ಮ ಶೇಂಗಾಕ್ಕೆ ನೆಂಟ. ಕಾಯಿ ಗಟ್ಟಿಯಾಗಲಿ ಅಂತ ನಾವು ದುಡ್ಡು ಕೊಟ್ಟು ಜಿಪ್ಸಂ ತಂದು ಹಾಕುತ್ತೇವೆ. ಸೌಳು ನೆಲವನ್ನು ಸರಿಪಡಿಸಲೂ ಅದೇ ಜಿಪ್ಸಂ, ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರಗೆ ತಳ್ಳುತ್ತದೆ. ಬೋರಿನ ನೀರಿನಲ್ಲಿ ಪುಕ್ಕಟೆ ಬಂದ ಕ್ಯಾಲ್ಸಿಯಂ ಅನ್ನು ಸೋಡಾ ಹಾಕಿ ಕೆಳಗಿಳಿಸಿ, ಸೋಡಿಯಂ ನೀರನ್ನು ಮಣ್ಣಿಗೆ ಬಿಟ್ಟು, ಆಮೇಲೆ ಜಿಪ್ಸಂ ಚೀಲ ಹೊತ್ತು ತರುವುದು ಯಾವ ಲೆಕ್ಕ? ಈಗ ಪಟ್ಟಣದ ಮನೆಗಳಿಗೆ ಉಪ್ಪು ಹಾಕಿ ನಡೆಸುವ ನೀರು ಮೆದು ಮಾಡುವ ಯಂತ್ರ ಬಂದಿದೆ. ಅದು ಮಾಡುವುದೂ ಇದೇ ಅದಲು ಬದಲು. ಅದನ್ನು ಹಳ್ಳಿಗೆ ತಂದು ಅದರ ನೀರನ್ನು ತೆಂಗಿನ ಬುಡಕ್ಕೆ ಬಿಡುವವರು ಒಂದು ಸಲ ಯೋಚಿಸಲಿ.

ಬೂದಿ ನೀರಿನಲ್ಲಿರುವುದು ಪೊಟ್ಯಾಷ್, ಅದು ಗಿಡಕ್ಕೆ ಬೇಕಾದ ಗೊಬ್ಬರ. ಹಾಗಂತ ಅದೇ ಜಾಗಕ್ಕೆ ದಿನಾ ಸುರಿಯಬಾರದು, ಕ್ಷಾರ ಕ್ಷಾರವೇ. ತೆಂಗು, ಬಾಳೆ, ನುಗ್ಗೆ ಅಂತ ಸರದಿಯ ಮೇಲೆ ಬಿಡಬೇಕು. ಪುಡಿ ಬಳಸುವವರು ಮೊದಲ ಎರಡು ನೀರನ್ನು ಗಿಡಕ್ಕೆ ಬಿಡದೆ ಜಾಲಾಡಿದ ನೀರನ್ನು ಮಾತ್ರ ಬಿಟ್ಟರೂ ಅರ್ಧ ಕಾಟ ತಪ್ಪುತ್ತದೆ.

ಬದುವಿನ ಮೇಲೊಂದು ಅಂಟುವಾಳ

ಸೋಪಿಗೂ ಪುಡಿಗೂ ಬದಲು ಗಡಸು ನೀರಿನಲ್ಲೂ ಜಿಡ್ಡು ಕಟ್ಟದ ಒಂದು ಕಾಯಿ ನಮ್ಮ ನಾಡಿನಲ್ಲೇ ಇದೆ. ಅಂಟುವಾಳ. ನೊರೆಕಾಯಿ ಅಂತಲೂ ಅನ್ನುತ್ತಾರೆ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಅನ್ನುವ ಅಂಶ ನೊರೆ ಕೊಡುತ್ತದೆ. ಕಾಯಿ ಒಡೆದು ಬೀಜ ತೆಗೆದು, ಹತ್ತು ಹನ್ನೆರಡು ಕಾಯಿಯ ಸಿಪ್ಪೆಯನ್ನು ಬಿಸಿ ನೀರಿನಲ್ಲಿ ರಾತ್ರಿ ನೆನೆಹಾಕಿ ಬೆಳಿಗ್ಗೆ ಕಿವುಚಿ ಸೋಸಿದರೆ ಒಂದು ಬಕೆಟ್ ಬಟ್ಟೆಗೆ ಆಯಿತು. ರೇಷ್ಮೆ ಸೀರೆಗೆ, ಕಂಬಳಿಗೆ, ಒಡವೆಗೆ ಹಿಂದಿನಿಂದಲೂ ಇದೇ. ಹೊಸ ಕಂಬಳಿ ಹುಣಿಸೆ ಬೀಜದ ಗಂಜಿಯಿಂದ ಬೊಂಬಿನಂಗೆ ಬಿಗಿಯಾಗಿರುತ್ತದೆ, ಅಂಟುವಾಳದ ನೀರಿನಲ್ಲಿ ಎರಡು ಸಲ ಒಗೆದರೆ ಹದಕ್ಕೆ ಬರುತ್ತದೆ.

ಇದರ ಮಿತಿಯನ್ನೂ ಹೇಳಿಬಿಡ್ತೀನಿ. ಟ್ರ್ಯಾಕ್ಟರಿನ ಗ್ರೀಸು, ಅಡಿಗೆ ಎಣ್ಣೆಯ ಕಲೆ, ಕೆಂಪು ಮಣ್ಣಿನ ಕೆಸರು ಇದಕ್ಕೆ ಪೂರಾ ಬಗ್ಗುವುದಿಲ್ಲ. ಅಂಥವಕ್ಕೆ ಸೋಪು ಬೇಕೇ ಬೇಕು. ಕಣ್ಣಿಗೆ ಬಿದ್ದರೆ ಉರಿ. ಇದರ ನೀರನ್ನು ಕೆರೆಗೆ, ಕೃಷಿ ಹೊಂಡಕ್ಕೆ ಬಿಟ್ಟರೆ ಮೀನು ಸಾಯುತ್ತವೆ. ನೈಸರ್ಗಿಕ ಅಂದ ಮಾತ್ರಕ್ಕೆ ಎಲ್ಲರಿಗೂ ಅಮೃತ ಅಲ್ಲ.

ಅಂಗಡಿಯಲ್ಲಿ ಕೊಂಡರೆ ಅಂಟುವಾಳ ಅಗ್ಗವೂ ಅಲ್ಲ. ಅದಕ್ಕೇ ಗಿಡ ಹಾಕಿ ಅನ್ನುವುದು. ಒಣ ಸೀಮೆಗೆ ಒಗ್ಗುವ ಮರ, ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಬದುವಿನ ಮೂಲೆಯಲ್ಲಿ ಒಂದು ಇದ್ದರೆ ಹೊಲಕ್ಕೆ ತೊಂದರೆ ಇಲ್ಲ. ಕಾಯಿ ಬಿಡಲು ಎಂಟು ಹತ್ತು ವರ್ಷ ಕಾಯಬೇಕು. ನೀಲಗಿರಿ ಹಾಕಿ ಹತ್ತು ವರ್ಷ ಕಾದವರು ನಮ್ಮಲ್ಲಿ ಕಮ್ಮಿ ಇದ್ದಾರೆಯೇ?

ಒಣಗಿಸುವುದೂ ಒಂದು ಕೆಲಸ

ಸುಣ್ಣ ಪೂರಾ ತೆಗೆದರೂ ಹತ್ತಿ ಬಟ್ಟೆ ಅಲುಗಾಡದೆ ಒಣಗಿದರೆ ಸ್ವಲ್ಪ ಬಿರುಸಾಗುತ್ತದೆ. ಎಳೆಗಳ ನಡುವೆ ಉಳಿದ ಚೂರು ನೀರೇ ಅಂಟಿನ ಹಾಗೆ ಅವನ್ನು ಒಂದಕ್ಕೊಂದು ಹಿಡಿದಿಡುತ್ತದೆ ಅಂತ ಜಪಾನಿನ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ ಅಂತ ಮಗ ಓದಿ ಹೇಳಿದ. ಅದಕ್ಕೆ ಮದ್ದು ಸುಲಭ. ಹರವುವ ಮುಂಚೆ ನಾಲ್ಕು ಸಲ ಪಟಪಟ ಕೊಡವಿ. ಗಾಳಿಯಾಡುವ ಕಡೆ ಹಾಕಿ. ಮುಕ್ಕಾಲು ಒಣಗಿದಾಗ ಇನ್ನೊಂದು ಸಲ ಕೊಡವಿ, ಕೈಯಲ್ಲಿ ಉಜ್ಜಿ. ಸುಡು ಬಿಸಿಲಲ್ಲಿ ಸಂಜೆ ತನಕ ಬಿಟ್ಟರೆ ಬಣ್ಣವೂ ಹೋಗುತ್ತದೆ. ಹಾಸಿಗೆ ಹೊದಿಕೆ, ಲಂಗೋಟಿಗೆ ಮಾತ್ರ ಬಿಸಿಲು ಬೇಕು, ಕ್ರಿಮಿ ಸಾಯುತ್ತವೆ.

"ಇಷ್ಟೆಲ್ಲ ಯಾರು ಮಾಡ್ತಾರೆ, ನಮಗೆ ಪುರುಸೊತ್ತಿಲ್ಲ" ಅಂತ ಒಬ್ಬ ಹೆಣ್ಣುಮಗಳು ನನಗೆ ಮುಖಕ್ಕೇ ಹೇಳಿದಳು. ಅವಳ ಮಾತು ನ್ಯಾಯವಾದದ್ದು. ಕಳೆ ಕೀಳಲು, ಹಾಲು ಕರೆಯಲು, ಅಡಿಗೆಗೆ, ಬಟ್ಟೆಗೆ ಎಲ್ಲಕ್ಕೂ ಅವಳೇ. ಅದರ ಮೇಲೆ ಅಂಟುವಾಳ ಒಡಿ, ಬೂದಿ ಜರಡಿ ಹಿಡಿ ಅಂತ ನಾವು ಕಟ್ಟೆ ಮೇಲೆ ಕೂತು ಹೇಳಿದರೆ ಯಾರು ಕೇಳುತ್ತಾರೆ? ಇದರಲ್ಲಿ ಗಂಡಸರ ಪಾಲಿನ ಕೆಲಸ ಇದೆ. ಮಾಡಿಗೆ ದೋಣಿ ಕಟ್ಟುವುದು, ಪೈಪು ಜೋಡಿಸುವುದು, ಟ್ಯಾಂಕಿಗೆ ಕಟ್ಟೆ ಹಾಕುವುದು, ಮಳೆಗಾಲಕ್ಕೆ ಮುಂಚೆ ಮಾಡು ಗುಡಿಸುವುದು, ಬೂದಿ ನೀರು ರಾತ್ರಿ ಕದಡಿಡುವುದು ಇವೆಲ್ಲ ನಮ್ಮ ಕೈಯಲ್ಲೇ ಆಗಬೇಕು. ಹನಿ ನೀರಾವರಿಯ ಪೈಪು ಜೋಡಿಸಬಲ್ಲವನಿಗೆ ಮಾಡಿನ ಪೈಪು ಏನು ಮಹಾ? ಡ್ರಮ್ಮಿನ ನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ಇರಲಿ, ಎರಡಡಿ ಎತ್ತರದ ಕಟ್ಟೆಯ ಮೇಲೆ. ಬಿಂದಿಗೆಯಲ್ಲಿ ಎತ್ತಿ ತರುವ ಹಾಗಿದ್ದರೆ ನಾಲ್ಕನೆಯ ದಿನಕ್ಕೆ ಎಲ್ಲ ನಿಂತುಹೋಗುತ್ತದೆ.

ನಮ್ಮ ಮನೆಯಲ್ಲಿ ಪುಡಿಯ ಖರ್ಚು ಅರ್ಧಕ್ಕೆ ಇಳಿದಿದೆ. ನಿಂತಿಲ್ಲ, ಇಳಿದಿದೆ. ಸ್ಯಾಷೆ ತರುವುದು ನಿಂತಿದೆ. ಸೊಸೆಯ ಬೆರಳ ಸಂದಿಯ ಬಿರುಕು ಚಳಿಗಾಲದಲ್ಲೂ ಮಾಯ್ದಿದೆ, ಅದಕ್ಕೆ ಮುಲಾಮು ತರುವುದೂ ತಪ್ಪಿದೆ.

ಅಂಟುವಾಳದ ಬೀಜದ ಸಿಪ್ಪೆ ಬಲು ಗಟ್ಟಿ. ಹಂಗೇ ಊರಿದರೆ ತಿಂಗಳುಗಟ್ಟಲೆ ಹುಟ್ಟುವುದಿಲ್ಲ. ಒರಟು ಕಲ್ಲಿಗೆ ನಾಲ್ಕು ಸಲ ಉಜ್ಜಿ, ಒಂದು ದಿನ ನೀರಿನಲ್ಲಿ ನೆನೆಸಿ, ಮುಂಗಾರಿಗೆ ಮುಂಚೆ ಪಾಕೆಟ್ಟಿನಲ್ಲಿ ಹಾಕಿ. ಹಳೇ ಮರ ಯಾರ ಹೊಲದಲ್ಲಿದೆ ಅಂತ ನಿಮ್ಮೂರಿನ ವಯಸ್ಸಾದ ಹೆಂಗಸರನ್ನು ಕೇಳಿದರೆ ಗೊತ್ತಾಗುತ್ತದೆ, ಗಂಡಸರಿಗೆ ಗೊತ್ತಿರುವುದಿಲ್ಲ.